ಇಲ್ಲದ ಕೋರ್ಟಿನ ಹೆಸರಲ್ಲೂ ಒಂದು ಖಾತೆ: ನಕಲಿ ಪ್ರೊಫೈಲ್ ಕಾಟ ಯಾಕೆ ನಿಲ್ಲುತ್ತಿಲ್ಲ?

2025ರ ಜುಲೈ ತಿಂಗಳು. ಕರ್ನಾಟಕ ಹೈಕೋರ್ಟಿನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಮತ್ತು ಕೇಂದ್ರ ಸರ್ಕಾರದ ನಡುವೆ ಜೋರು ವಾದ ನಡೆಯುತ್ತಿತ್ತು. ಕೇಂದ್ರದ ಪರ ವಾದಿಸುತ್ತಿದ್ದ ಸಾಲಿಸಿಟರ್ ಜನರಲ್ ತುಷಾರ್ ಮೆಹ್ತಾ ನ್ಯಾಯಮೂರ್ತಿಗಳಿಗೆ ಒಂದು ಎಕ್ಸ್ ಖಾತೆ ತೋರಿಸಿದರು. ಅದರ ಹೆಸರು ‘ಸುಪ್ರೀಂ ಕೋರ್ಟ್ ಆಫ್ ಕರ್ನಾಟಕ’. ಅಂಥದ್ದೊಂದು ಕೋರ್ಟೇ ಇಲ್ಲ. ಸರ್ಕಾರದ ಕಡೆಯವರೇ ತೋರಿಸಲೆಂದು ತೆರೆದಿದ್ದ ಖಾತೆ ಅದು. ಎಕ್ಸ್ ಇದನ್ನು ತೆರೆಯಲು ಬಿಟ್ಟಿದೆ, ವೆರಿಫೈ ಕೂಡ ಮಾಡಿದೆ, ಇದರಲ್ಲಿ ಏನು ಬರೆದರೂ ಲಕ್ಷಾಂತರ ಜನ ನಂಬುತ್ತಾರೆ ಅನ್ನೋದು ಮೆಹ್ತಾ ಅವರ ಮಾತು. ಎಕ್ಸ್ ಪರ ವಕೀಲರು ಆಕ್ಷೇಪ ಎತ್ತಿದರು. ಆಮೇಲೆ ಕಂಪನಿ ಆ ಖಾತೆಯನ್ನು ಅಮಾನತು ಮಾಡಿತು.

ನಿಜ ಹೇಳಬೇಕೆಂದರೆ ಕೇಸು ಇದ್ದದ್ದು ನಕಲಿ ಖಾತೆಗಳ ಬಗ್ಗೆ ಅಲ್ಲ. ‘ಸಹಯೋಗ್’ ಎಂಬ ಪೋರ್ಟಲ್ ಮೂಲಕ ಅಧಿಕಾರಿಗಳು ‘ಈ ಪೋಸ್ಟ್ ತೆಗೆಯಿರಿ’ ಎಂದು ಕಂಪನಿಗಳಿಗೆ ಹೇಳಬಹುದೇ ಎಂಬುದು ಅಲ್ಲಿನ ಪ್ರಶ್ನೆ. ಸೆಪ್ಟೆಂಬರ್ 24ರಂದು ಹೈಕೋರ್ಟ್ ಎಕ್ಸ್ ಅರ್ಜಿಯನ್ನು ವಜಾ ಮಾಡಿತು. ಮೇಲ್ಮನವಿ ಸಲ್ಲಿಸುವುದಾಗಿ ಕಂಪನಿ ಹೇಳಿತು. ಜನರ ನೆನಪಲ್ಲಿ ಉಳಿದಿದ್ದು ಮಾತ್ರ ಆ ಇಲ್ಲದ ಕೋರ್ಟು.

ಅದಾದ ಮೇಲೆ ಸುದ್ದಿಗಳ ಸಾಲೇ ಬಂತು. ನವೆಂಬರಿನಲ್ಲಿ ವಾಟ್ಸ್ಆ್ಯಪ್‌ಗೆ ಸಿಮ್ ಬೈಂಡಿಂಗ್ ಆದೇಶ, ಅಂದರೆ ಸಿಮ್ ಇರುವ ಫೋನಿನಲ್ಲಷ್ಟೇ ಆ್ಯಪ್ ನಡೆಯಬೇಕು. 2026ರ ಫೆಬ್ರುವರಿಯಲ್ಲಿ ಎಐ ವಿಡಿಯೊಗಳಿಗೆ ಲೇಬಲ್ ಕಡ್ಡಾಯ. ನಡುನಡುವೆ ‘ಪ್ರತಿ ಖಾತೆಗೂ ಆಧಾರ್ ಜೋಡಿಸಿ’ ಎಂಬ ಹಳೇ ಬೇಡಿಕೆ. ಇಷ್ಟೆಲ್ಲ ಇದ್ದರೂ ನಿಮ್ಮ ಹೆಸರಲ್ಲಿ ನಾಳೆ ಒಂದು ಫೇಕ್ ಅಕೌಂಟ್ ಹುಟ್ಟಿಕೊಂಡರೆ ಇವುಗಳಲ್ಲಿ ಯಾವುದು ಕೆಲಸಕ್ಕೆ ಬರುತ್ತದೆ? ಎಲ್ಲವನ್ನೂ ಬಿಡಿಸಿ ನೋಡಿದರೆ ಸಿಗುವ ಉತ್ತರ ಅಷ್ಟೇನೂ ಸಮಾಧಾನ ಕೊಡುವಂಥದ್ದಲ್ಲ.

ಮೂರು ಬೇರೆ ಬೇರೆ ಮೋಸ

‘ಅಕೌಂಟ್ ಹ್ಯಾಕ್ ಆಗಿದೆ’ ಎಂದು ಜನ ಹೇಳುವಾಗ ಬಹಳ ಸಲ ಹ್ಯಾಕ್ ಆಗಿರುವುದೇ ಇಲ್ಲ. ಅದು ನಕಲು, ಅಷ್ಟೇ. ನಿಮ್ಮ ಪ್ರೊಫೈಲ್ ಫೋಟೊ, ಕವರ್ ಫೋಟೊ, ಊರು, ಕೆಲಸ ಎಲ್ಲ ಎಲ್ಲರಿಗೂ ಕಾಣುವಂತೆ ಇರುತ್ತದೆ. ಅದನ್ನು ಸೇವ್ ಮಾಡಿಕೊಂಡು ಅದೇ ಹೆಸರಲ್ಲಿ ಹೊಸ ಖಾತೆ ತೆರೆಯಲು ಹತ್ತು ನಿಮಿಷ ಸಾಕು. ನಿಮ್ಮ ಫ್ರೆಂಡ್ಸ್ ಲಿಸ್ಟ್ ಕೂಡ ಎಲ್ಲರಿಗೂ ಕಾಣುತ್ತಿದ್ದರೆ ಕೆಲಸ ಇನ್ನೂ ಸಲೀಸು. ಅವರಿಗೆಲ್ಲ ರಿಕ್ವೆಸ್ಟ್ ಹೋಗುತ್ತದೆ. ‘ಹಳೇ ಅಕೌಂಟ್ ಹೋಯ್ತೇನೋ’ ಅಂದುಕೊಂಡು ನಾಲ್ಕು ಜನ ಒಪ್ಪಿಕೊಳ್ಳುತ್ತಾರೆ. ಆ ನಾಲ್ಕು ಜನ ‘ಮ್ಯೂಚುವಲ್ ಫ್ರೆಂಡ್ಸ್’ ಆಗಿ ಕಂಡಿದ್ದೇ ತಡ, ಐದನೆಯವರು ಯೋಚಿಸುವುದೇ ಇಲ್ಲ.

ಆಮೇಲೆ ಮೆಸೆಂಜರ್‌ನಲ್ಲಿ ಮಾತು ಶುರು. ‘ಹೇಗಿದ್ದೀರಿ?’ ಮೊದಲ ಸಾಲು. ಎರಡನೆಯದು ‘ನಿಮ್ಮ ನಂಬರ್ ಕೊಡಿ’. ದೇಶದ ತುಂಬ ಓಡಾಡಿರುವ ಒಂದು ಕಥೆ ಹೀಗಿದೆ: ನನ್ನ ಗೆಳೆಯರೊಬ್ಬರು ಸಿಆರ್‌ಪಿಎಫ್ ಅಧಿಕಾರಿ, ಅವರಿಗೆ ವರ್ಗಾವಣೆ ಆಗಿದೆ, ಸೋಫಾ, ಫ್ರಿಜ್, ಟಿವಿ ಎಲ್ಲ ಅರ್ಧ ಬೆಲೆಗೆ ಕೊಡುತ್ತಿದ್ದಾರೆ, ಸಾಮಾನು ಚೆನ್ನಾಗಿದೆ, ತಗೊಳ್ಳಿ. ಕೇಳುತ್ತಿರುವುದು ಪರಿಚಯದ ತಹಶೀಲ್ದಾರರೋ ಪೊಲೀಸ್ ಅಧಿಕಾರಿಯೋ ಎಂಬ ನಂಬಿಕೆಯಲ್ಲಿ ಜನ ಮುಂಗಡ ಹಾಕುತ್ತಾರೆ. ನಕಲಿಗೆ ಅಧಿಕಾರಿಗಳ ಪ್ರೊಫೈಲನ್ನೇ ಹೆಚ್ಚು ಆರಿಸುವುದಕ್ಕೆ ಕಾರಣ ಇಷ್ಟೇ: ಅವರ ಫೋಟೊ ಎಲ್ಲೆಡೆ ಸಿಗುತ್ತದೆ, ‘ಸಾರ್, ಇದು ನೀವೇನಾ’ ಎಂದು ತಿರುಗಿ ಕೇಳಲು ಜನ ಹಿಂಜರಿಯುತ್ತಾರೆ.

ಎರಡನೆಯದು ಇರುವ ಖಾತೆಯನ್ನೇ ಕಿತ್ತುಕೊಳ್ಳುವುದು. 2025ರ ಸೆಪ್ಟೆಂಬರಿನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ದಂಪತಿಗೆ ಆಗಿದ್ದು ಇದು. ಡೆಲಿವರಿಗೆ ಕಾಯುತ್ತಿದ್ದ ಹೊತ್ತಿಗೆ ಪ್ರಿಯಾಂಕಾ ಅವರಿಗೆ ಕರೆ ಬಂತು. ಸ್ಟಾರ್, ಹ್ಯಾಷ್ ಇರುವ ಒಂದು ಕೋಡ್ ಒತ್ತಿ ಎಂದರು. ಒತ್ತಿದ್ದೇ ವಾಟ್ಸ್ಆ್ಯಪ್ ಕೈತಪ್ಪಿತು. ಪರಿಚಯದವರಿಗೆಲ್ಲ ದುಡ್ಡು ಕೇಳಿ ಮೆಸೇಜ್ ಹೋದವು, ಮನೆಯವರೂ ಸೇರಿ ಕೆಲವರು ಕಳಿಸಿಯೂ ಬಿಟ್ಟರು. ಮುಂದೆ ಪೊಲೀಸರು ಬಿಹಾರದಿಂದ ಒಬ್ಬನನ್ನು ಬಂಧಿಸಿದರು.

ಇಂಥ ಕೋಡುಗಳಲ್ಲಿ ಹೆಚ್ಚಿನವು ಕಾಲ್ ಫಾರ್ವರ್ಡಿಂಗ್‌ನವು. ಅದು ಆನ್ ಆದರೆ ನಿಮಗೆ ಬರಬೇಕಾದ ಕರೆ ವಂಚಕನ ಫೋನಿಗೆ ಹೋಗುತ್ತದೆ. ಅವನು ತನ್ನ ಫೋನಿನಲ್ಲಿ ನಿಮ್ಮ ನಂಬರ್ ಹಾಕಿ ವಾಟ್ಸ್ಆ್ಯಪ್ ತೆರೆಯುತ್ತಾನೆ, ಕೋಡನ್ನು ಎಸ್‌ಎಂಎಸ್ ಬದಲು ಕರೆಯಲ್ಲಿ ಕೇಳುತ್ತಾನೆ. ಆರು ಅಂಕಿ ಅವನ ಕಿವಿಗೆ ಬೀಳುತ್ತದೆ. ನಿಮ್ಮ ಫೋನು ನಿಮ್ಮ ಕೈಯಲ್ಲೇ ಇರುತ್ತದೆ, ಆದರೆ ಮಾತಾಡುತ್ತಿರುವವನು ಅವನು.

ಮೂರನೆಯದು ಮುಖವನ್ನೇ ಕದಿಯುವುದು, ಅಂದರೆ ಡೀಪ್‌ಫೇಕ್. 2023ರ ನವೆಂಬರಿನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿದ್ದು ದೇಶವೆಲ್ಲ ಸುದ್ದಿಯಾಯಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಯುವಕನೊಬ್ಬನನ್ನು ಹಿಡಿದರು. ತಾನು ನಡೆಸುತ್ತಿದ್ದ ಫ್ಯಾನ್ ಪೇಜಿಗೆ ಫಾಲೋವರ್ಸ್ ಹೆಚ್ಚಿಸಲು ಮಾಡಿದ್ದ ಎಂದು ಪೊಲೀಸರು ಹೇಳಿದರು. ದುಡ್ಡಿನ ಆಸೆಗಿಂತ ಲೈಕಿನ ಆಸೆ. ಇನ್ಫೊಸಿಸ್ ನಾರಾಯಣ ಮೂರ್ತಿ ಅವರ ವಿಷಯದಲ್ಲಿ ನೇರವಾಗಿ ದುಡ್ಡಿನದೇ ಆಟ. ಯಾವುದೋ ಟ್ರೇಡಿಂಗ್ ಆ್ಯಪಿಗೆ ಅವರು ಪ್ರಚಾರ ಮಾಡುತ್ತಿರುವಂತೆ ವಿಡಿಯೊಗಳು ಬಂದವು. ಅವರೇ ಮುಂದೆ ಬಂದು ‘ಇದು ನಾನಲ್ಲ’ ಎನ್ನಬೇಕಾಯಿತು.

ನೀಲಿ ಟಿಕ್ ಅಂಗಡಿ ಸರಕಾದ ಮೇಲೆ

ಹಿಂದೆ ಟ್ವಿಟರ್‌ನಲ್ಲಿ ನೀಲಿ ಟಿಕ್ ಇದ್ದರೆ ‘ಇವರು ಇವರೇ’ ಎಂದು ಅರ್ಥ. ಎಲ್ಲರಿಗೂ ಸಿಗುತ್ತಿರಲಿಲ್ಲ ಎಂಬ ದೂರು ಇತ್ತು, ಆದರೆ ಸಿಕ್ಕವರ ಗುರುತನ್ನು ಕಂಪನಿ ನೋಡಿರುತ್ತಿತ್ತು. 2022ರ ನವೆಂಬರಿನಲ್ಲಿ ತಿಂಗಳಿಗೆ 8 ಡಾಲರ್ ಕೊಟ್ಟವರಿಗೆಲ್ಲ ಟಿಕ್ ಎಂದಾಯಿತು. ಕೆಲವೇ ದಿನದಲ್ಲಿ ಎಲಿ ಲಿಲಿ ಎಂಬ ಔಷಧ ಕಂಪನಿಯ ಹೆಸರಲ್ಲಿ ಯಾರೋ ಟಿಕ್ ಕೊಂಡು ‘ಇನ್ನು ಇನ್ಸುಲಿನ್ ಉಚಿತ’ ಎಂದು ಬರೆದರು. ಅಸಲಿ ಕಂಪನಿ ಜನರ ಕ್ಷಮೆ ಕೇಳಬೇಕಾಯಿತು, ಅದೂ ತಾನು ಹೇಳದ ಮಾತಿಗೆ. 2025ರ ಡಿಸೆಂಬರಿನಲ್ಲಿ ಯುರೋಪಿಯನ್ ಒಕ್ಕೂಟ ಎಕ್ಸ್ ಮೇಲೆ 12 ಕೋಟಿ ಯೂರೊ ದಂಡ ಹಾಕಿತು. ದುಡ್ಡಿಗೆ ಸಿಗುವ ಟಿಕ್ ಜನರನ್ನು ದಾರಿ ತಪ್ಪಿಸುತ್ತದೆ ಎನ್ನುವುದು ಅದರ ಒಂದು ಮುಖ್ಯ ಕಾರಣ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಸ್ವಲ್ಪ ಬೇರೆ ದಾರಿ ಹಿಡಿಯಿತು. 2023ರ ಜೂನ್‌ನಲ್ಲಿ ಭಾರತದಲ್ಲಿ ಮೊಬೈಲಿಗೆ ತಿಂಗಳಿಗೆ 699 ರೂಪಾಯಿಗೆ ‘ಮೆಟಾ ವೆರಿಫೈಡ್’ ಶುರು ಮಾಡಿತು. ಸರ್ಕಾರಿ ಐಡಿ ತೋರಿಸಬೇಕು, ಹಾಗಾಗಿ ಎಕ್ಸ್ ಟಿಕ್‌ಗಿಂತ ಗಟ್ಟಿ. ಆದರೆ ಆ ಪ್ಯಾಕೇಜಿನಲ್ಲಿ ಏನೇನಿದೆ ಎಂದು ನೋಡಿ. ನಿಮ್ಮ ಹೆಸರಲ್ಲಿ ನಕಲಿ ಖಾತೆಗಳು ಬರುತ್ತಿವೆಯೇ ಎಂದು ಕಂಪನಿ ಕಣ್ಣಿಡುವುದೂ ಅದರಲ್ಲಿ ಸೇರಿದೆ. ಅಂದರೆ ನಕಲಿ ಖಾತೆಯಿಂದ ರಕ್ಷಣೆ ಎನ್ನುವುದು ತಿಂಗಳ ಬಾಡಿಗೆಯ ಸೇವೆ. ತನ್ನದೇ ಜಾಗದಲ್ಲಿ ನಡೆಯುವ ಮೋಸ ತಡೆಯಲು ಮೋಸ ಹೋಗುವವರಿಂದಲೇ ಚಂದಾ ಎತ್ತುವುದು ವಿಚಿತ್ರ ಅಲ್ವಾ?

ಇನ್ನೂ ಒಂದು ಮಾತು. 2021ರ ಐಟಿ ನಿಯಮಗಳ ಪ್ರಕಾರ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಸೋಷಿಯಲ್ ಮೀಡಿಯಾ ಕಂಪನಿಗಳು, ಬಯಸಿದವರಿಗೆ ಖಾತೆ ವೆರಿಫೈ ಮಾಡಿಕೊಳ್ಳುವ ಸೌಲಭ್ಯ ಕೊಡಬೇಕು, ಆದವರಿಗೆ ಎಲ್ಲರಿಗೂ ಕಾಣುವ ಗುರುತು ಕೊಡಬೇಕು. ಮೊಬೈಲ್ ನಂಬರಿನಿಂದಲೂ ಇದನ್ನು ಮಾಡಬಹುದು ಎಂದು ನಿಯಮದಲ್ಲೇ ಇದೆ. ಟಿಕ್ ಮಾರಾಟದ ಗಲಾಟೆಯಲ್ಲಿ ಈ ನಿಯಮವನ್ನು ಕೇಳುವವರೇ ಇಲ್ಲ.

ಸೆಕ್ಷನ್ ಇವೆ, ಸಂದುಗಳೂ ಇವೆ

ಈ ಅಪರಾಧಕ್ಕೆ ಕಾನೂನೇ ಇಲ್ಲ ಅನ್ನುವುದು ತಪ್ಪು. ಐಟಿ ಕಾಯ್ದೆಯ 66ಸಿ ಗುರುತಿನ ಕಳ್ಳತನಕ್ಕೆ, 66ಡಿ ಬೇರೆಯವರಂತೆ ನಟಿಸಿ ಕಂಪ್ಯೂಟರ್ ಮೂಲಕ ಮೋಸ ಮಾಡುವುದಕ್ಕೆ. ಎರಡಕ್ಕೂ 3 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ. ಭಾರತೀಯ ನ್ಯಾಯ ಸಂಹಿತೆಯ 319ನೇ ಸೆಕ್ಷನ್ ಅಡಿ ಬೇರೆಯವರಂತೆ ನಟಿಸಿ ವಂಚಿಸಿದರೆ 5 ವರ್ಷದವರೆಗೆ ಶಿಕ್ಷೆ. ಹಳೇ ಐಪಿಸಿಯಲ್ಲಿ ಇದು 3 ವರ್ಷ ಇತ್ತು.

ತೊಡಕು ಇರೋದು ಬೇರೆ ಕಡೆ. 66ಡಿ ಮತ್ತು 319 ಎರಡಕ್ಕೂ ವಂಚನೆ ನಡೆದಿರಬೇಕು. ನಿಮ್ಮ ಹೆಸರಲ್ಲಿ ಖಾತೆ ತೆರೆದವನು ದುಡ್ಡು ಕೇಳಿಲ್ಲ, ಸುಮ್ನೆ ಅಸಹ್ಯ ಪೋಸ್ಟ್ ಹಾಕುತ್ತಿದ್ದಾನೆ ಎಂದುಕೊಳ್ಳಿ. ಆಗ ಪೊಲೀಸರು 66ಸಿ ಹತ್ತಿರ ಹೋಗಬೇಕು. ಅದರಲ್ಲಿರುವುದು ಎಲೆಕ್ಟ್ರಾನಿಕ್ ಸಹಿ, ಪಾಸ್‌ವರ್ಡ್ ಅಥವಾ ‘ಬೇರೆ ಯಾವುದೇ ವಿಶಿಷ್ಟ ಗುರುತು’ ಎಂಬ ಅರ್ಥದ ಮಾತು. ಹೆಸರು ಮತ್ತು ಫೋಟೊ ‘ವಿಶಿಷ್ಟ ಗುರುತು’ ಹೌದೋ ಅಲ್ಲವೋ ಎಂದು ವಕೀಲರು ಗಂಟೆಗಟ್ಟಲೆ ವಾದಿಸಬಹುದು. ಹಾಗಾಗಿ ಮಾನಹಾನಿ, ಕಿರುಕುಳದ ಸೆಕ್ಷನ್‌ಗಳನ್ನೂ ಜೊತೆಗೆ ಹಾಕಬೇಕಾಗುತ್ತದೆ. ಐಟಿ ಕಾಯ್ದೆಯ ಕೇಸನ್ನು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರೇ ತನಿಖೆ ಮಾಡಬೇಕು. ಠಾಣೆಯಲ್ಲಿ ಎಸ್‌ಐ ಇದ್ದರೂ ಕಡತ ಇನ್‌ಸ್ಪೆಕ್ಟರ್ ಮೇಜಿಗೇ ಹೋಗಬೇಕು.

ದೇಶದ ಮೊದಲ ಸೈಬರ್ ಕ್ರೈಂ ಠಾಣೆ ಶುರುವಾದದ್ದು ಬೆಂಗಳೂರಿನಲ್ಲಿ, 2001ರಲ್ಲಿ. ಈಗ ಜಿಲ್ಲೆಗಳಲ್ಲೂ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳಿವೆ. ಆದರೂ ನಕಲಿ ಖಾತೆಯ ಹಿಂದಿನವನನ್ನು ಹುಡುಕುವುದು ಕಷ್ಟ, ಅದಕ್ಕೆ ತಾಂತ್ರಿಕ ಕಾರಣವೇ ಇದೆ. ಪೊಲೀಸರು ಕಂಪನಿಗೆ ಬರೆದರೆ ಸಿಗುವುದು ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ನಂಬರ್. ನಮ್ಮ ಮೊಬೈಲ್ ನೆಟ್‌ವರ್ಕುಗಳಲ್ಲಿ ಒಂದೇ ಐಪಿಯನ್ನು ಒಂದೇ ಹೊತ್ತಿಗೆ ನೂರಾರು ಗ್ರಾಹಕರು ಹಂಚಿಕೊಂಡಿರುತ್ತಾರೆ. ನಿಖರ ಸಮಯ ಮತ್ತು ಪೋರ್ಟ್ ನಂಬರ್ (ಒಂದೇ ಐಪಿಯಲ್ಲಿರುವವರನ್ನು ಬೇರ್ಪಡಿಸುವ ಸಂಖ್ಯೆ) ಇಲ್ಲದಿದ್ದರೆ ಆ ನೂರಾರು ಜನರಲ್ಲಿ ಯಾರು ಎಂದು ಹೇಳಲಾಗದು. ಅದೂ ಸಿಕ್ಕಿ, ಸಿಮ್ ಯಾರ ಹೆಸರಲ್ಲಿದೆ ಎಂದು ನೋಡಿದರೆ, ಎಲ್ಲೋ ಇರುವ ಕೂಲಿ ಕಾರ್ಮಿಕನೊಬ್ಬನ ಹೆಸರು ಬರುತ್ತದೆ. ಅವನ ದಾಖಲೆಯಲ್ಲಿ ಬೇರೆ ಯಾರೋ ಸಿಮ್ ಕೊಂಡಿರುತ್ತಾರೆ. ಒಂದು ಗುರುತಿನ ಕಳ್ಳತನ ಹುಡುಕಲು ಹೋದರೆ ಅದರ ಕೆಳಗೆ ಇನ್ನೊಂದು.

ದುಡ್ಡಿನ ದಾರಿ ಹಿಡಿದರೆ ಸ್ವಲ್ಪ ವಾಸಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದರೆ ಹಣ ಹೋದ ಖಾತೆಯಲ್ಲೇ ತಡೆಹಿಡಿಯುವ ಅವಕಾಶ ಇದೆ. ತಡವಾದರೆ ಅದು ಒಂದು ಬಾಡಿಗೆ ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಎಟಿಎಂಗೆ ಹೋಗಿಬಿಡುತ್ತದೆ.

‘ಎಲ್ಲರಿಗೂ ಐಡಿ ಕಡ್ಡಾಯ ಮಾಡಿ’

ಈಗ ಜಗಳದ ಮುಖ್ಯ ಭಾಗ. ಸರ್ಕಾರದ ಕಡೆಯ ವಾದ ಸರಳ: ಯಾರು ಯಾರು ಅಂತ ಗೊತ್ತಿಲ್ಲದ್ದರಿಂದಲೇ ಇಷ್ಟೆಲ್ಲ ಆಗುತ್ತಿದೆ, ಗುರುತು ಜೋಡಿಸಿದರೆ ಭಯ ಬರುತ್ತದೆ. ಮೋಸ ಹೋದವರಿಗೆ ಈ ಮಾತು ಸರಿ ಅನ್ನಿಸುವುದು ಸಹಜ. ಇನ್ನೊಂದು ಕಡೆಯವರು ಖಾಸಗಿತನದ ಹಕ್ಕನ್ನು ಮುಂದಿಡುತ್ತಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮೂಲಭೂತ ಹಕ್ಕು ಎಂದಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲೇ.

ಎರಡೂ ಕಡೆಯವರು ಒಂದು ವ್ಯತ್ಯಾಸವನ್ನು ಮರೆಯುತ್ತಾರೆ. ಹೆಸರು ಹೇಳದೆ ಬರೆಯುವವರು ಬೇರೆ, ನಿಮ್ಮ ಹೆಸರು ಹಾಕಿಕೊಂಡು ಬರೆಯುವವರು ಬೇರೆ. ಕಚೇರಿಯ ಲಂಚದ ಬಗ್ಗೆ ಗುಪ್ತನಾಮದಲ್ಲಿ ಬರೆಯುವ ನೌಕರ, ಗಂಡನ ಮನೆಯವರಿಗೆ ಗೊತ್ತಾಗದಂತೆ ಸಲಹೆ ಕೇಳುವ ಹೆಣ್ಣುಮಗಳು, ರಾಜಕಾರಣಿಗಳ ಕಾಲೆಳೆಯುವ ಟ್ರೋಲ್ ಪೇಜು, ಇವರಲ್ಲಿ ಯಾರೂ ಇನ್ನೊಬ್ಬರ ಗುರುತು ಕದ್ದಿಲ್ಲ. ಕಿರಾಣಿ ಅಂಗಡಿಯಲ್ಲಿ ನಗದು ಕೊಟ್ಟು ಹೋಗುವವನ ಹೆಸರು ಅಂಗಡಿಯವನಿಗೆ ಬೇಕಿಲ್ಲ. ನಿಮ್ಮ ಹೆಸರು ಹೇಳಿ ಉದ್ರಿ ಬರೆಸುವವನನ್ನು ಮಾತ್ರ ತಡೆಯಬೇಕು. ಅವನೊಬ್ಬನಿಗಾಗಿ ಅಂಗಡಿಗೆ ಬಂದವರೆಲ್ಲರ ಆಧಾರ್ ಜೆರಾಕ್ಸ್ ಇಟ್ಟುಕೊಂಡರೆ ಅಂಗಡಿಗೇ ಹೊಸ ಅಪಾಯ.

ಇದು ಊಹೆಯ ಮಾತಲ್ಲ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ವೆಬ್‌ಸೈಟುಗಳಲ್ಲಿ ಬರೆಯಲು ಅಸಲಿ ಹೆಸರು ಕಡ್ಡಾಯ ಮಾಡಿತ್ತು. ಕಂಪನಿಗಳ ಹತ್ತಿರ ಜನರ ಗುರುತಿನ ರಾಶಿ ಬಿತ್ತು. 2011ರಲ್ಲಿ ನೇಟ್, ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಜನರ ಮಾಹಿತಿ ಸೋರಿತು. ದೇಶದ ಜನಸಂಖ್ಯೆಯೇ ಆಗ ಸುಮಾರು 5 ಕೋಟಿ. 2012ರ ಆಗಸ್ಟಿನಲ್ಲಿ ಅಲ್ಲಿನ ಸಂವಿಧಾನ ಕೋರ್ಟ್ ಆ ಕಾನೂನನ್ನೇ ರದ್ದು ಮಾಡಿತು. ಈಚಿನ ಉದಾಹರಣೆ ಬೇಕೆಂದರೆ 2025ರ ಅಕ್ಟೋಬರಿನ ಡಿಸ್ಕಾರ್ಡ್ ಎಂಬ ಚಾಟ್ ಆ್ಯಪಿನ ಸೋರಿಕೆ. ವಯಸ್ಸು ಖಚಿತಪಡಿಸಲೆಂದು ಬಳಕೆದಾರರು ಕೊಟ್ಟ ಸರ್ಕಾರಿ ಐಡಿಗಳ ಸುಮಾರು 70,000 ಫೋಟೊಗಳು ಹೊರಗಿನ ಏಜೆನ್ಸಿಯೊಂದರ ಕಡೆಯಿಂದ ಕಳ್ಳರ ಪಾಲಾದವು. ಗುರುತಿನ ಕಳ್ಳತನ ತಡೆಯಲು ಗುರುತು ಕೂಡಿಟ್ಟರೆ, ಕದಿಯುವವನಿಗೆ ಒಂದೇ ಕಡೆ ಎಲ್ಲ ಸಿಗುತ್ತದೆ.

ಎಲ್ಲರ ಐಡಿ ಕೇಳುವುದು, ಏನೂ ಕೇಳದಿರುವುದು, ಸಿಮ್ ಬೈಂಡಿಂಗ್ ಈ ಎರಡರ ನಡುವಿನ ದಾರಿ. 2025ರ ನವೆಂಬರ್ 28ರ ದೂರಸಂಪರ್ಕ ಇಲಾಖೆಯ ಆದೇಶದಂತೆ, ನೋಂದಣಿಯಾದ ಸಿಮ್ ಫೋನಿನಲ್ಲಿ ಇದ್ದರಷ್ಟೇ ವಾಟ್ಸ್ಆ್ಯಪ್, ಟೆಲಿಗ್ರಾಮ್‌ನಂಥ ಆ್ಯಪುಗಳು ನಡೆಯಬೇಕು. ಕಂಪ್ಯೂಟರಿನಲ್ಲಿ ತೆರೆದದ್ದು 6 ಗಂಟೆಗೊಮ್ಮೆ ಲಾಗ್ ಔಟ್ ಆಗಬೇಕು. ಉಪೇಂದ್ರ ದಂಪತಿಗೆ ಆದಂಥ ಮೋಸಕ್ಕೆ ಇದು ಅಡ್ಡ ಬರಬಹುದು, ಯಾಕೆಂದರೆ ಸಿಮ್ ನಿಮ್ಮ ಫೋನಿನಲ್ಲೇ ಇರುತ್ತದೆ, ಅವನ ಫೋನಿನಲ್ಲಿ ಅಲ್ಲ. ಫೇಸ್‌ಬುಕ್ ನಕಲಿ ಖಾತೆಗೆ ಮಾತ್ರ ಇದರಿಂದ ಏನೂ ಆಗದು, ಅದಕ್ಕೆ ನಿಮ್ಮ ನಂಬರೇ ಬೇಕಿಲ್ಲ. ಬೆಲೆ ತೆರುವವರು ಬೇರೆಯೇ ಜನ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ಊರಿನ ನಂಬರಿನ ವಾಟ್ಸ್ಆ್ಯಪನ್ನೇ ಇಟ್ಟುಕೊಂಡಿರುತ್ತಾರೆ, ಸಿಮ್ ಮಾತ್ರ ಡ್ರಾಯರಿನಲ್ಲಿರುತ್ತದೆ. ಆದೇಶವನ್ನು ಅಕ್ಷರಶಃ ಪಾಲಿಸಿದರೆ ಅವರ ವಾಟ್ಸ್ಆ್ಯಪ್ ನಿಲ್ಲಬೇಕು.

ಗಡುವು ಬಿಗಿಯಾದರೆ ಏನಾಗುತ್ತದೆ?

ನಿಮ್ಮಂತೆ ನಟಿಸುವ ಖಾತೆಯ ಬಗ್ಗೆ, ತಿರುಚಿದ ನಿಮ್ಮ ಚಿತ್ರದ ಬಗ್ಗೆ ನೀವೇ ದೂರು ಕೊಟ್ಟರೆ ಕಂಪನಿ 24 ಗಂಟೆಯೊಳಗೆ ತೆಗೆಯಬೇಕು ಎಂದು 2021ರ ನಿಯಮ ಹೇಳಿತ್ತು. 2026ರ ಫೆಬ್ರುವರಿಯ ತಿದ್ದುಪಡಿ ಗಡುವುಗಳನ್ನು ಇನ್ನೂ ಮೊಟಕು ಮಾಡಿತು. ಸರ್ಕಾರದ ಅಥವಾ ಕೋರ್ಟಿನ ಆದೇಶಕ್ಕೆ ಮೊದಲು 36 ಗಂಟೆ ಇತ್ತು, ಈಗ 3 ಗಂಟೆ. ಎಐ ಬಳಸಿ ಮಾಡಿದ್ದಕ್ಕೆ ಲೇಬಲ್ ಬೇಕು. ಆದರೆ ಮೋಸ ಮಾಡಲೆಂದೇ ವಿಡಿಯೊ ಮಾಡಿದವನು ತಾನಾಗಿ ಲೇಬಲ್ ಹಾಕುತ್ತಾನೆಯೇ?

3 ಗಂಟೆಯಲ್ಲಿ ಯಾವುದೇ ಕಂಪನಿ ವಿಚಾರಿಸಿ, ಯೋಚಿಸಿ ತೀರ್ಮಾನ ಮಾಡುವುದಿಲ್ಲ. ಮೊದಲು ತೆಗೆದುಬಿಡುತ್ತದೆ. ಉಳಿಸಿಕೊಂಡು ತಪ್ಪಾದರೆ, ಬಳಕೆದಾರರ ಪೋಸ್ಟಿಗೆ ಕಂಪನಿ ಹೊಣೆಯಲ್ಲ ಎನ್ನುವ ಐಟಿ ಕಾಯ್ದೆಯ 79ನೇ ಸೆಕ್ಷನ್‌ನ ರಕ್ಷಣೆ ಹೋಗುತ್ತದೆ. ತೆಗೆದು ತಪ್ಪಾದರೆ ಕಂಪನಿಗೆ ಏನೂ ನಷ್ಟವಿಲ್ಲ. ಹಾಗಾಗಿ ಅಣಕು ಖಾತೆ, ವ್ಯಂಗ್ಯಚಿತ್ರ, ಟ್ರೋಲ್ ಪೇಜುಗಳು ನಕಲಿ ಖಾತೆಗಳ ಜೊತೆಗೇ ಕೊಚ್ಚಿಹೋಗುವ ಸಾಧ್ಯತೆ ಜಾಸ್ತಿ. ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬ ದೂರನ್ನು ಟೀಕಾಕಾರರ ಬಾಯಿ ಮುಚ್ಚಿಸಲೂ ಬಳಸಬಹುದು. ಹಾಗಂತ ನಕಲಿಗೆ ಸಿಕ್ಕವರೇ ದೂರು ಕೊಟ್ಟರೆ ಬೇಗ ತೆಗೆಯಬೇಕೆಂಬ ನಿಯಮವನ್ನು ಕೈಬಿಡಬೇಕೆಂದಲ್ಲ. ಯಾರ ಮುಖವೋ ಅವರೇ ಬಂದು ‘ಇದು ನಾನಲ್ಲ’ ಎನ್ನುವುದಕ್ಕೂ, ಅಧಿಕಾರಿಯೊಬ್ಬರು ‘ಇದು ಬೇಡ’ ಎನ್ನುವುದಕ್ಕೂ ಅಂತರವಿದೆ. ಮೊದಲನೆಯದಕ್ಕೆ ಅವಸರ ಇರಲಿ, ಎರಡನೆಯದಕ್ಕೆ ವಿಚಾರಣೆ ಬೇಕು. ಈಗಿನ ನಿಯಮಗಳು ಎರಡಕ್ಕೂ ಅವಸರವನ್ನೇ ಕೊಟ್ಟಿವೆ.

ದೊಡ್ಡವರಿಗೆ ಕೋರ್ಟು, ಉಳಿದವರಿಗೆ ಬಟನ್ನು

ಅನಿಲ್ ಕಪೂರ್, ಐಶ್ವರ್ಯಾ ರೈ, ಸದ್ಗುರು ಜಗ್ಗಿ ವಾಸುದೇವ್ ಇವರೆಲ್ಲ ದೆಹಲಿ ಹೈಕೋರ್ಟಿಗೆ ಹೋಗಿ ತಮ್ಮ ಹೆಸರು, ಮುಖ ಬಳಸದಂತೆ ಆದೇಶ ತಂದಿದ್ದಾರೆ. ಹಾಸನದ ಶಾಲೆಯೊಂದರ ಟೀಚರ್‌ಗೆ ಆ ದಾರಿ ಇಲ್ಲ. ಅವರು ನಕಲಿ ಪ್ರೊಫೈಲಿನ ಮೂರು ಚುಕ್ಕಿ ಒತ್ತಿ, ‘ರಿಪೋರ್ಟ್’ ಒತ್ತಿ, ‘ನನ್ನಂತೆ ನಟಿಸುತ್ತಿದ್ದಾರೆ’ ಎಂಬುದನ್ನು ಆರಿಸಿ ಕಾಯಬೇಕು. ‘ಈ ಪ್ರೊಫೈಲ್ ನಮ್ಮ ನಿಯಮ ಮೀರಿಲ್ಲ’ ಎಂಬ ಉತ್ತರವೂ ಬರಬಹುದು. ಆಗ ಅವರು ಸ್ಟೇಟಸ್ ಹಾಕುತ್ತಾರೆ: ‘ನನ್ನ ಹೆಸರಲ್ಲಿ ಫೇಕ್ ಐಡಿ ಮಾಡಿದ್ದಾರೆ, ಯಾರೂ ದುಡ್ಡು ಹಾಕಬೇಡಿ.’ ತಾನು ತಾನೇ ಎಂದು ಸಾಬೀತು ಮಾಡುವ ಹೊರೆ ಮೋಸಕ್ಕೆ ಸಿಕ್ಕವರ ತಲೆ ಮೇಲೆ.

ಕಂಪನಿಗೆ ಇದು ಮೊದಲೇ ಗೊತ್ತಾಗುವುದಿಲ್ಲವೇ? ಒಟ್ಟೊಟ್ಟಿಗೆ ಸಾವಿರಾರು ಹುಟ್ಟುವ, ತಂತ್ರಾಂಶವೇ ನಡೆಸುವ ಬಾಟ್ ಖಾತೆಗಳನ್ನು ಮೆಟಾ ಯಾರೂ ದೂರು ಕೊಡುವ ಮೊದಲೇ ಅಳಿಸುತ್ತದೆ. ಒಬ್ಬ ಮನುಷ್ಯ ಕೂತು ಮಾಡಿದ ಒಂದೇ ಒಂದು ನಕಲಿ ಖಾತೆ ಆ ಬಲೆಗೆ ಬೀಳುವುದಿಲ್ಲ, ಅದು ಅಸಲಿಯಂತೆಯೇ ನಡೆದುಕೊಳ್ಳುತ್ತದೆ. ಆದರೆ ಅದೇ ಹೆಸರು, ಅದೇ ಫೋಟೊ, ಅದೇ ಗೆಳೆಯರಿಗೆ ಒಂದೇ ದಿನ ರಿಕ್ವೆಸ್ಟ್ ಎಂಬ ಮೂರು ಸುಳಿವು ಒಟ್ಟಿಗೆ ಕಂಡಾಗ ತಡೆದು ವಿಚಾರಿಸುವುದು ಮುಖ ಗುರುತಿಸುವ ತಂತ್ರಜ್ಞಾನ ಇರುವ ಕಂಪನಿಗೆ ದೊಡ್ಡ ಕೆಲಸವಲ್ಲ. ಆಸಕ್ತಿ ಎಷ್ಟಿದೆ ಎಂಬುದೇ ಪ್ರಶ್ನೆ. 2025ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಮೆಟಾದ ಒಳಗಿನ ಕಾಗದಪತ್ರ ಆಧರಿಸಿ ವರದಿ ಮಾಡಿತು. 2024ರ ಆದಾಯದ ಸುಮಾರು 10% ಮೋಸದ ಮತ್ತು ನಿಷೇಧಿತ ವಸ್ತುಗಳ ಜಾಹೀರಾತಿನಿಂದ ಬರಬಹುದು ಎಂದು ಕಂಪನಿಯೇ ಅಂದಾಜು ಹಾಕಿತ್ತು ಎಂದು ಅದರಲ್ಲಿತ್ತು. ಅದು ಒರಟು ಅಂದಾಜು, ಎಲ್ಲವನ್ನೂ ಸೇರಿಸಿದ ಲೆಕ್ಕ ಎಂದು ಮೆಟಾ ಹೇಳಿತು. ಖ್ಯಾತರ ಮುಖ ಹೊತ್ತ ಹೂಡಿಕೆ ವಿಡಿಯೊಗಳು ಬಹಳ ಸಲ ಜಾಹೀರಾತಾಗಿಯೇ ಬರುತ್ತವೆ, ಅಂದರೆ ಅವುಗಳಿಗೆ ಕಂಪನಿ ದುಡ್ಡು ತೆಗೆದುಕೊಂಡಿರುತ್ತದೆ.

ಟೀಚರ್ ಮುಂದೆ ಇನ್ನೊಂದು ಬಾಗಿಲಿದೆ, ಹೆಚ್ಚಿನವರಿಗೆ ಅದರ ಪರಿಚಯವೇ ಇಲ್ಲ. ರಿಪೋರ್ಟ್ ಬಟನ್ ಬಿಟ್ಟು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಟ್ಟರೆ ನಿಯಮದ ಗಡುವನ್ನು ಹಿಡಿದು ಕೇಳಬಹುದು. ಅಲ್ಲೂ ಕೆಲಸ ಆಗದಿದ್ದರೆ 30 ದಿನದೊಳಗೆ ಕೇಂದ್ರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. 2023ರಲ್ಲಿ ಶುರುವಾದ ಈ ವ್ಯವಸ್ಥೆ ಪೂರ್ತಿ ಆನ್‌ಲೈನ್, ಕೋರ್ಟಿಗೆ ಅಲೆಯಬೇಕಿಲ್ಲ.

ಮುಂದೆ ನೋಡಬೇಕಾದದ್ದು

ಗುರುತು ಜೋಡಿಸುವ ಒತ್ತಡ ಕಡಿಮೆಯಾಗುವ ಲಕ್ಷಣ ಇಲ್ಲ. ಮಕ್ಕಳ ವಯಸ್ಸು ಪರೀಕ್ಷೆ, ಐಡಿ ಕೇಳುವ ದುಡ್ಡಿನ ಟಿಕ್ ಎರಡೂ ಜನರ ದಾಖಲೆಗಳನ್ನು ಕಂಪನಿಗಳ ಕೈಗೆ ತಲುಪಿಸುವ ದಾರಿಗಳೇ. ಆ ದಾಖಲೆ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಎಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತದೆ. ಆದರೆ ಅದರ ನಿಯಮಗಳು ಹೊರಬಂದಿದ್ದು 2025ರ ನವೆಂಬರಿನಲ್ಲಿ, ಮುಖ್ಯ ಹೊಣೆಗಳನ್ನು ಪಾಲಿಸಲು ಕಂಪನಿಗಳಿಗೆ ಕೊಟ್ಟಿದ್ದು 18 ತಿಂಗಳು. ಲೆಕ್ಕ ಹಾಕಿದರೆ 2027ರ ಮೇ. ಐಡಿ ಕೇಳುವುದು ಈಗಲೇ ಶುರುವಾಗಿದೆ, ಕಳೆದುಕೊಂಡರೆ ದಂಡ ಕಟ್ಟಬೇಕಾದ ದಿನ ಇನ್ನೂ ದೂರ ಇದೆ.